ತೆಂಗಿನಕಾಯಿ ಎದ್ದು ನಿಂತಾಗ ಮೇಷ್ಟ್ರು ಏನು ಮಾಡಬೇಕು

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಡಿಗ್ರಿ ಕಾಲೇಜಿನಲ್ಲಿ ಸೈನ್ಸ್ ಮೇಷ್ಟ್ರು ಎದ್ದು ನಿಂತು, "ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ಮಾಡೋದನ್ನ ಯಾರು ನಂಬ್ತೀರಿ, ಕೈ ಎತ್ತಿ" ಎಂದರೆ ಒಂದೆರಡು ಕೈ ಎದ್ದರೆ ಹೆಚ್ಚು. ಮೇಷ್ಟ್ರಿಗೆ ಬೇಕಾದ ಉತ್ತರ ಯಾವುದೆಂದು ವಿದ್ಯಾರ್ಥಿಗಳಿಗೆ ಗೊತ್ತು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ ಎಂಬುದೂ ಗೊತ್ತು. ಅದೇ ವಿಷಯವನ್ನು ಹೆಸರು, ರಿಜಿಸ್ಟರ್ ನಂಬರ್ ಇಲ್ಲದ ಚೀಟಿಯಲ್ಲಿ ಬೇರೆ ಥರ ಕೇಳಬೇಕು: "ನಾಳೆ ನಿಮ್ಮ ಹೊಲದಲ್ಲಿ ಬೋರ್ ಕೊರೆಸಬೇಕು, ಲಾರಿ ಬಂದು ನಿಂತಿದೆ. ಜಾಗ ತೋರಿಸಲು ಯಾರನ್ನು ಕರೆಸುತ್ತೀರಿ, ಯಾಕೆ?" ಈ ಚೀಟಿಗಳಲ್ಲಿ ಬರುವ ಉತ್ತರ ಕೈ ಎತ್ತಿಸಿದಾಗಿನ ಉತ್ತರವನ್ನು ಹೋಲುವುದಿಲ್ಲ. ಪಾಠ ಶುರುವಾಗಬೇಕಾದ್ದು ಈ ಚೀಟಿಗಳಿಂದ.

ತಪ್ಪು ತಿಳಿವಳಿಕೆ ಎಂದರೆ ತಲೆಯಲ್ಲಿ ಒಂದು ಖಾಲಿ ಜಾಗ, ಅಲ್ಲಿ ಸರಿಯಾದ ಮಾಹಿತಿ ತುಂಬಿದರೆ ಆಯಿತು ಎಂದು ನಾವು ಬೋಧಿಸುವವರು ಅಂದುಕೊಂಡುಬಿಡುತ್ತೇವೆ. ಹಾಗಿರುವುದಿಲ್ಲ. ಆ ಜಾಗ ಈಗಾಗಲೇ ಭರ್ತಿಯಾಗಿರುತ್ತದೆ. ತಾತ ಹೇಳಿದ್ದು, ಅಪ್ಪ ಸಾಲ ಮಾಡಿ ಕೊರೆಸಿದ್ದು, ಊರಿನ ಹಿರಿಯರೊಬ್ಬರು ಹೆಜ್ಜೆ ಹಾಕಿ ತೋರಿಸಿದ ಕಡೆ ನೀರು ಬಿದ್ದದ್ದು, ಎಲ್ಲವೂ ಅಲ್ಲಿವೆ. ವಿದ್ಯಾರ್ಥಿಯ ಅಭಿಪ್ರಾಯ ನಿಂತಿರುವುದು ಅವನು ನಂಬುವ ಮನುಷ್ಯರ ಮೇಲೆ. "ಅದು ಮೂಢನಂಬಿಕೆ" ಎಂದು ಮೇಷ್ಟ್ರು ಹೇಳಿದ ಕ್ಷಣಕ್ಕೆ ಅವನ ಕಿವಿಗೆ ಬೀಳುವುದು "ನಿಮ್ಮಪ್ಪ ಮೂಢ" ಎಂಬ ಮಾತು. ಆಮೇಲೆ ಅವನು ಪಾಠ ಕೇಳುವುದಿಲ್ಲ, ಅಪ್ಪನ ಪರ ನಿಲ್ಲುತ್ತಾನೆ. ನಿಲ್ಲಬೇಕಾದ್ದೂ ಹೌದು.

ಹಾಗಾದರೆ ದಾರಿ ಏನು? ಅವನ ಅಭಿಪ್ರಾಯವನ್ನು ಪರೀಕ್ಷೆ ಮಾಡುವ ಷರತ್ತುಗಳನ್ನು ಫಲಿತಾಂಶ ಬರುವ ಮೊದಲೇ ಅವನೇ ಒಪ್ಪುವಂತೆ ಮಾಡುವುದು, ಅಳತೆಯನ್ನು ಅವನ ಕೈಗೇ ಕೊಡುವುದು, ಅಭಿಪ್ರಾಯ ಬದಲಾದರೆ ಮರ್ಯಾದೆ ಹೋಗದಂತೆ ನೋಡಿಕೊಳ್ಳುವುದು. ಈ ಮೂರರಲ್ಲಿ ಒಂದು ಬಿಟ್ಟರೂ ಉಳಿದೆರಡು ಕೆಲಸ ಮಾಡುವುದಿಲ್ಲ. ತೆಂಗಿನಕಾಯಿಯನ್ನೇ ಇಟ್ಟುಕೊಂಡು ನೋಡೋಣ.

ಜುಟ್ಟಿರುವ ಕಾಯಿಯನ್ನು ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ. ನೀರಿರುವ ಕಡೆ ಕಾಯಿ ಎದ್ದು ನೆಟ್ಟಗೆ ನಿಲ್ಲುತ್ತದೆ ಎಂಬುದು ನಂಬಿಕೆ. ನೋಡಿದವರಿಗೆ ಇದು ಮೋಸವಲ್ಲ ಎನ್ನಿಸುತ್ತದೆ, ಬಹಳ ಸಲ ಅದು ನಿಜಕ್ಕೂ ಮೋಸವಲ್ಲ. ಹಿಡಿದವರಿಗೆ ತಾವು ಕೈ ಅಲ್ಲಾಡಿಸಿದ್ದು ನಿಜವಾಗಿ ಗೊತ್ತಿರುವುದಿಲ್ಲ. ಅಂಗೈ ಮೇಲಿನ ಕಾಯಿ ಸಮತೋಲ ತಪ್ಪುವ ಅಂಚಿನಲ್ಲೇ ಇರುತ್ತದೆ, ಬೆರಳು ಕೂದಲೆಳೆಯಷ್ಟು ಬಾಗಿದರೂ ಹೊರಳುತ್ತದೆ. ಮನಸ್ಸು ನಿರೀಕ್ಷಿಸಿದ್ದನ್ನು ಸ್ನಾಯುಗಳು ಅರಿವಿಲ್ಲದೆ ಮಾಡಿಬಿಡುವ ಈ ಕ್ರಿಯೆಯನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೆಲ್ 1833ರಲ್ಲೇ ಲೋಲಕ ಹಿಡಿದು ವಿವರಿಸಿದ್ದರು. 1852ರಲ್ಲಿ ವಿಲಿಯಂ ಕಾರ್ಪೆಂಟರ್ ಅದಕ್ಕೆ ಐಡಿಯೋಮೋಟರ್ ಎಂಬ ಹೆಸರು ಕೊಟ್ಟರು.

ಮೊದಲ ಪೀರಿಯಡ್‌ನಲ್ಲಿ ತೆಂಗಿನಕಾಯಿಯ ಸುದ್ದಿಯೇ ಬೇಡ. ಪ್ರತಿಯೊಬ್ಬರಿಗೂ 30 ಸೆಂಟಿಮೀಟರ್ ದಾರ, ಅದರ ತುದಿಗೆ ಒಂದು ಬೀಗದ ಕೈ. ಕಾಗದದ ಮೇಲೆ ದೊಡ್ಡ ಕೂಡು ಚಿಹ್ನೆ ಬರೆಯಲಿ. ಮೊಣಕೈ ಡೆಸ್ಕಿಗೆ ತಾಗದಂತೆ ದಾರ ಹಿಡಿದು, ಬೀಗದ ಕೈಯನ್ನು ಆ ಗುರುತಿನ ನಡುವೆ ತೂಗಿಬಿಟ್ಟು, ಅಡ್ಡಗೆರೆಯನ್ನೇ ನೋಡುತ್ತಾ "ಇದು ಅಡ್ಡಡ್ಡ ಆಡಬೇಕು" ಎಂದು ಮನಸ್ಸಿನಲ್ಲೇ ಅಂದುಕೊಳ್ಳಲಿ. ಒಂದೆರಡು ನಿಮಿಷದಲ್ಲಿ ಅರ್ಧಕ್ಕೂ ಹೆಚ್ಚು ಕೈಗಳಲ್ಲಿ ಅದು ಆಡತೊಡಗುತ್ತದೆ. ಆಮೇಲೆ ಉದ್ದಗೆರೆ. ಆಮೇಲೆ ಕಣ್ಣು ಮುಚ್ಚಿಸಿ, ಪಕ್ಕದವರಿಂದ ಕಾಗದವನ್ನು ಸದ್ದಿಲ್ಲದೆ ತಿರುಗಿಸಿ ಮತ್ತೆ ನೋಡಿ, ಆಟ ನಿಲ್ಲುತ್ತದೆ ಅಥವಾ ದಿಕ್ಕು ತಪ್ಪುತ್ತದೆ. ಮೊಣಕೈ ಊರಿಕೊಂಡರೆ, ದಾರ ತೀರಾ ಗಿಡ್ಡವಾದರೆ, ಫ್ಯಾನ್ ಓಡುತ್ತಿದ್ದರೆ ಪ್ರಯೋಗ ಕೆಡುತ್ತದೆ. ಫ್ಯಾನ್ ಆರಿಸುವುದನ್ನು ಮರೆತರೆ "ಗಾಳಿಗೆ ಆಡಿತು" ಎಂಬ ಒಂದೇ ಮಾತಿಗೆ ಇಡೀ ಪೀರಿಯಡ್ ಹೋಗುತ್ತದೆ. ಈ ಆಟದಲ್ಲಿ ಬೇರೆ ಯಾರೂ ಮೋಸಗಾರರಲ್ಲ ಎಂಬುದು ಮುಖ್ಯ. ತನ್ನ ಕೈಯೇ ತನಗೆ ಹೇಳದೆ ಅಲ್ಲಾಡಿತು ಎಂದು ಕಂಡ ಹುಡುಗಿಗೆ, ಊರಿನ ನೀರು ನೋಡುವವರನ್ನು ಕಳ್ಳರೆಂದು ಕರೆಯದೆಯೇ ಅವರ ಕೈಯ ಬಗ್ಗೆ ಯೋಚಿಸಲು ಸಾಧ್ಯವಾಗುತ್ತದೆ.

ಎರಡನೆಯ ಪಾಠ ಬಕೆಟ್ ಪರೀಕ್ಷೆಗೆ. ಒಂದೇ ಅಂಗಡಿಯಿಂದ ತಂದ, ಒಂದೇ ಬಣ್ಣದ, ಮುಚ್ಚಳವಿರುವ ಐದು ಬಕೆಟ್. ಒಂದರಲ್ಲಿ ಮಾತ್ರ ನೀರು, ಉಳಿದವು ಖಾಲಿ. ಯಾವುದರಲ್ಲಿ ನೀರೆಂದು ದಾಳ ಹಾಕಿ ನಿರ್ಧರಿಸಬೇಕು, ಆರು ಬಿದ್ದರೆ ಮತ್ತೆ ಹಾಕಬೇಕು. ಮನುಷ್ಯರೇ ಆರಿಸಿದರೆ ನಡುವಿನದನ್ನು ಜಾಸ್ತಿ ಆರಿಸುತ್ತಾರೆ, ಹಿಂದಿನ ಸಲ ಇಟ್ಟ ಕಡೆ ಮತ್ತೆ ಇಡುವುದಿಲ್ಲ, ಈ ಮಾದರಿಯನ್ನು ಊಹಿಸಿಬಿಡಬಹುದು. ನೀರಿಟ್ಟ ತಂಡ ಕೋಣೆಯಿಂದ ಹೊರಗೆ ಹೋಗಬೇಕು. ಕಾಯಿ ಹಿಡಿದವರ ಜೊತೆ ಇದ್ದು ಬರೆದುಕೊಳ್ಳುವವರಿಗೂ ನೀರೆಲ್ಲಿದೆ ಎಂದು ಗೊತ್ತಿರಕೂಡದು. ಗೊತ್ತಿರುವವರೊಬ್ಬರು ಕೋಣೆಯಲ್ಲಿದ್ದರೂ ಅವರ ಕಣ್ಣು ಹೇಳಿಬಿಡುತ್ತದೆ. ಇಂಥ 20 ಸರದಿ ಆಗಬೇಕು. ಬರೀ ಅದೃಷ್ಟದಿಂದಲೇ ನಾಲ್ಕು ಸರಿಯಾಗುತ್ತವೆ. ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗಲು ಅದೃಷ್ಟ ನೂರಕ್ಕೆ ಒಂದು ಸಲ ಮಾತ್ರ ಕೈಗೂಡುತ್ತದೆ, ಹಾಗಾಗಿ ಗೆರೆಯನ್ನು ಒಂಬತ್ತಕ್ಕೆ ಎಳೆಯಬಹುದು. ಗಣಿತ, ಸ್ಟ್ಯಾಟಿಸ್ಟಿಕ್ಸ್ ಓದುವವರು ತರಗತಿಯಲ್ಲಿದ್ದರೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಅವರಿಂದಲೇ ಮಾಡಿಸಿ, ದ್ವಿಪದ ವಿತರಣೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು.

ಎಡವುವ ಜಾಗಗಳು ಹಲವು. ನೀರು ತುಂಬುವಾಗ ಬಕೆಟ್ಟಿನ ಹೊರಮೈ, ನೆಲ ಒದ್ದೆಯಾಗಿರುತ್ತದೆ. ಎತ್ತಿಟ್ಟ ಕಡೆ ನೆಲದ ಧೂಳಿನಲ್ಲಿ ಗುರುತು ಬೀಳುತ್ತದೆ. ಪ್ರತಿ ಸರದಿಗೂ ನೀರಿನ ಬಕೆಟ್ ಮಾತ್ರ ಸರಿಸಿದರೆ ಸದ್ದಿನಿಂದಲೇ ಜಾಗ ತಿಳಿಯುತ್ತದೆ. ಪ್ರತಿ ಸಲವೂ ಐದನ್ನೂ ಹೊರಗೆ ಒಯ್ದು, ಒರೆಸಿ, ಐದನ್ನೂ ಒಳಗೆ ತರಬೇಕು. 20 ಸರದಿಗೆ ಒಂದು ಪೀರಿಯಡ್ ಸಾಲದು, ಲ್ಯಾಬ್‌ನ ಎರಡು ಗಂಟೆ ಬೇಕು.

ಇದೆಲ್ಲಕ್ಕಿಂತ ದೊಡ್ಡ ಎಡವಟ್ಟು ಬೇರೆ ಇದೆ. ಎಲ್ಲ ಮುಗಿದು ನಾಲ್ಕೋ ಐದೋ ಸರಿಯಾದ ಮೇಲೆ ಹಿಂದಿನ ಬೆಂಚಿನಿಂದ ಮಾತು ಬರುತ್ತದೆ: "ಸರ್, ಬಕೆಟ್‌ನಲ್ಲಿರೋದು ನಿಂತ ನೀರು. ಭೂಮಿ ಒಳಗೆ ಹರಿಯೋ ನೀರಿಗೆ ಮಾತ್ರ ಕಾಯಿ ಏಳೋದು." ಮೇಷ್ಟ್ರು ಇದನ್ನು ಕುಂಟುನೆಪ ಎಂದು ತಳ್ಳಿಹಾಕಿದರೆ ತಪ್ಪು. ಅದು ನ್ಯಾಯವಾದ ಆಕ್ಷೇಪಣೆ, ಬಂದ ಹೊತ್ತು ಮಾತ್ರ ಸರಿಯಿಲ್ಲ. ಆದ್ದರಿಂದಲೇ ಮುಚ್ಚಿದ ಪರೀಕ್ಷೆಗೆ ಮೊದಲು ತೆರೆದ ಪರೀಕ್ಷೆ ಮಾಡಬೇಕು. ಮುಚ್ಚಳ ತೆಗೆದಿಟ್ಟು, ನೀರೆಲ್ಲಿದೆ ಎಂದು ಎಲ್ಲರಿಗೂ ಕಾಣುವಂತೆ ಇಟ್ಟು, ಕಾಯಿ ಏಳುತ್ತದೆಯೇ ನೋಡಿ. ಎದ್ದರೆ, ಈ ನೀರು, ಈ ಕೋಣೆ, ಈ ಕಾಯಿ, ಈ ಕೈ ಎಲ್ಲ ಸರಿಯಾಗಿವೆ ಎಂದು ಕಾಯಿ ಹಿಡಿದವರೇ ಒಪ್ಪಿದಂತಾಯಿತು. ಅದನ್ನು ಬರೆಸಿಕೊಳ್ಳಿ. ಏಳದಿದ್ದರೆ ಪರೀಕ್ಷೆಯ ವಿನ್ಯಾಸ ಬದಲಾಯಿಸಿ: ಪೈಪಿನಲ್ಲಿ ನೀರು ಹರಿಸಿ, ಅದರ ಮೇಲೆ ಹಲಗೆ ಹಾಸಿ. ಮುಚ್ಚಳ ಮುಚ್ಚಿದ ಮೇಲೆ ಬದಲಾಗಿರುವುದು ಒಂದೇ, ನೋಡುವವರಿಗೆ ಗೊತ್ತಿದ್ದದ್ದು ಈಗ ಗೊತ್ತಿಲ್ಲ.

ಹರಿಯುವ ನೀರಿನ ಪರೀಕ್ಷೆ ದೊಡ್ಡ ಪ್ರಮಾಣದಲ್ಲೇ ನಡೆದಿದೆ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಎರಡಂತಸ್ತಿನ ಕಟ್ಟಡವೊಂದರ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಬೇಕಾದ ಕಡೆ ಸರಿಸಿ, ಮೇಲಿನ ಅಂತಸ್ತಿನಲ್ಲಿ ನೀರು ನೋಡುವವರನ್ನು ನಡೆಸಿದರು. ಸುಮಾರು 500 ಜನರಲ್ಲಿ ಚೆನ್ನಾಗಿ ತೋರಿಸಿದ 43 ಮಂದಿಯನ್ನು ಆರಿಸಿ 843 ಪರೀಕ್ಷೆ ಮಾಡಿದರು. ನಡೆಸಿದವರು ಕೆಲವರಲ್ಲಿ ನಿಜವಾದ ಶಕ್ತಿ ಇದೆ ಎಂದೇ ತೀರ್ಮಾನಿಸಿದರು. ಅದೇ ಅಂಕಿಗಳನ್ನು ಮತ್ತೆ ಕೂಡಿಸಿ ನೋಡಿದ ಜೆ.ಟಿ. ಎನ್‌ರೈಟ್, ಅದೃಷ್ಟಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ, ಒಂದು ಸರಣಿಯಲ್ಲಿ ಚೆನ್ನಾಗಿ ಮಾಡಿದವರು ಇನ್ನೊಂದರಲ್ಲಿ ಹಾಗೆ ಮಾಡಲಾಗಲಿಲ್ಲ ಎಂದು 1999ರಲ್ಲಿ ತೋರಿಸಿದರು. ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಎರಡೂ ಕಡೆಯಿಂದ ಹೇಳಬೇಕು. ವಿಜ್ಞಾನಿಗಳೂ ತಮ್ಮ ನಿರೀಕ್ಷೆಗೆ ತಕ್ಕಂತೆ ಅಂಕಿ ಓದಿಬಿಡಬಹುದು ಎಂದು ಗೊತ್ತಾದರೆ, ತಪ್ಪುವುದು ಹಳ್ಳಿಯವರ ಗುಣ ಎಂಬ ಭಾವನೆ ಹೋಗುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಗಟ್ಟಿ ಪ್ರಶ್ನೆ: "ಹಾಗಾದರೆ ನಮ್ಮೂರಲ್ಲಿ ಅವರು ತೋರಿಸಿದ ಕಡೆಯೆಲ್ಲ ನೀರು ಬಿದ್ದಿದ್ದು ಹೇಗೆ?" ಇದಕ್ಕೆ ಉತ್ತರ ನೆಲದಲ್ಲಿದೆ. ನಮ್ಮದು ನೈಸ್, ಗ್ರಾನೈಟ್ ಕಲ್ಲಿನ ಸೀಮೆ. ಇಲ್ಲಿ ನೆಲದಡಿ ನದಿ ಹರಿಯುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ ನೀರು ಕೂತಿರುತ್ತದೆ. ಬಿರುಕುಗಳ ಜಾಲ ಚೆನ್ನಾಗಿರುವ ಊರಿನಲ್ಲಿ ಎಲ್ಲಿ ಕೊರೆದರೂ ಹತ್ತರಲ್ಲಿ ಆರು ಕಡೆ ನೀರು ಬೀಳುತ್ತದೆ ಎಂದಿಟ್ಟುಕೊಳ್ಳಿ. ಆಗ ಕಣ್ಣು ಮುಚ್ಚಿ ಕಲ್ಲೆಸೆದು ಜಾಗ ಆರಿಸಿದವರಿಗೂ ಹತ್ತರಲ್ಲಿ ಆರು ಸಿಗುತ್ತದೆ. ತೆಂಗಿನಕಾಯಿ ಆ ಆರಕ್ಕಿಂತ ಎಷ್ಟು ಹೆಚ್ಚು ಕೊಟ್ಟಿತು ಎಂಬುದಷ್ಟೇ ಪ್ರಶ್ನೆ.

ಇದನ್ನು ಬಾಯಿಮಾತಿನಲ್ಲಿ ಹೇಳಬೇಡಿ, ಊರಿನಿಂದ ಲೆಕ್ಕ ತರಿಸಿ. ಒಬ್ಬೊಬ್ಬರು ತಮ್ಮ ಊರಿನ ಐದೈದು ಬೋರ್‌ವೆಲ್‌ಗಳ ವಿವರ ತಂದರೆ 60 ಜನರ ತರಗತಿಯಲ್ಲಿ 300 ನಮೂದುಗಳಾಗುತ್ತವೆ. ಕೊರೆಸಿದ ವರ್ಷ, ಎಷ್ಟು ಅಡಿ, ಕೇಸಿಂಗ್ ಎಷ್ಟು, ಪಾಯಿಂಟ್ ಯಾರದು, ಮೊದಲು ಎಷ್ಟು ಇಂಚು ನೀರು ಬಿತ್ತು, ಈಗ ಓಡುತ್ತಿದೆಯೇ, ಇಷ್ಟು ಸಾಕು. ಕೇಳುವ ಕ್ರಮ ಮಾತ್ರ ಬಹಳ ಮುಖ್ಯ. ಮೊದಲ ಪ್ರಶ್ನೆ "ನಿಮ್ಮ ಜಮೀನಿನಲ್ಲಿ ಒಟ್ಟು ಎಷ್ಟು ಕಡೆ ಕೊರೆಸಿದಿರಿ" ಎಂದಿರಬೇಕು. "ನಿಮ್ಮ ಬೋರ್ ಯಾವುದು" ಎಂದು ಕೇಳಿದರೆ ಓಡುತ್ತಿರುವುದನ್ನೇ ತೋರಿಸುತ್ತಾರೆ. ಬರೀ ಧೂಳು ಬಂದ ಬೋರ್ ಮುಚ್ಚಿ ವರ್ಷಗಳಾಗಿರುತ್ತವೆ, ಅದರ ಸಾಲ ಮಾತ್ರ ನೆನಪಿರುತ್ತದೆ, ಅದನ್ನು ಪರರ ಮುಂದೆ ಆಡಲು ಯಾರಿಗೂ ಮನಸ್ಸಿರುವುದಿಲ್ಲ. ಕೊರೆದ ದಿನವೇ ನೀರು ಬೀಳದೆ ಫೇಲ್ ಆದದ್ದು ಬೇರೆ, ಬಿದ್ದ ನೀರು ಎರಡು ಬೇಸಿಗೆ ಕಳೆದು ಬತ್ತಿದ್ದು ಬೇರೆ. ಇವೆರಡನ್ನು ಒಂದೇ ಕಾಲಂನಲ್ಲಿ ಬರೆದರೆ ಲೆಕ್ಕವೆಲ್ಲ ಹಾಳು. ಒಂದೇ ಊರಿನ ಇಬ್ಬರು ಒಂದೇ ಬೋರನ್ನು ಎರಡು ಸಲ ಎಣಿಸಿರುತ್ತಾರೆ, ಸರ್ವೆ ನಂಬರ್ ಬರೆಸಿದರೆ ಇದು ಸಿಕ್ಕಿಬೀಳುತ್ತದೆ.

ಲೆಕ್ಕ ಬಂದ ಮೇಲೆ ಜಿಯಾಲಜಿಸ್ಟ್ ಪಾಯಿಂಟಿಗೂ ತೆಂಗಿನಕಾಯಿ ಪಾಯಿಂಟಿಗೂ ಹೋಲಿಸಿ ಗೆದ್ದವರನ್ನು ಘೋಷಿಸುವ ಆಸೆಯಾಗುತ್ತದೆ. ತಡೆಯಬೇಕು. ನೆಲದ ವಿದ್ಯುತ್ ತಡೆ ಅಳೆಯುವ ರೆಸಿಸ್ಟಿವಿಟಿ ಯಂತ್ರ ತಂದು ನೋಡುವ ಜಿಯಾಲಜಿಸ್ಟರನ್ನು ರೈತರು ಕರೆಸುವುದು ಬಹಳ ಸಲ ಎರಡು ಮೂರು ಬೋರ್ ಕೈಕೊಟ್ಟ ಮೇಲೆ. ಅಂದರೆ ಅವರ ಪಾಲಿಗೆ ಬರುವುದೇ ಕಷ್ಟದ ನೆಲ. ಅವರ ಪಾಯಿಂಟುಗಳೂ ಫೇಲ್ ಆಗುತ್ತವೆ. ಊರಿನ ಲೆಕ್ಕ "ತೋರಿಸಿದ ಕಡೆಯೆಲ್ಲ ನೀರು" ಎಂಬ ಮಾತು ನಿಜವಲ್ಲ ಎಂದು ತೋರಿಸಬಲ್ಲದು, ಯಾವ ವಿಧಾನ ಮೇಲು ಎಂದು ತೀರ್ಮಾನಿಸಲಾರದು. ಅದಕ್ಕೇ ಬಕೆಟ್ ಪರೀಕ್ಷೆ ಬೇಕಿತ್ತು. ಯಾವ ಸಾಕ್ಷಿ ಎಷ್ಟು ದೂರ ಎಳೆಯುತ್ತದೆ ಎಂಬ ಈ ಒಂದು ವಿವೇಕ ಬಂದರೆ, ತೆಂಗಿನಕಾಯಿಯ ಬಗ್ಗೆ ಅವರು ಏನನ್ನೇ ನಂಬಲಿ, ಪಾಠ ಫಲಿಸಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಷರತ್ತುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಪರೀಕ್ಷಿಸುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡುವಂಥ ಮೂಢನಂಬಿಕೆಗಳನ್ನೂ ಶೋಧಿಸಲು ಸಮಿತಿ ಮಾಡಿದರು. ಪರೀಕ್ಷೆಗೆ ಒಳಪಡುವಂಥ ಎಂಬ ಆ ಮಿತಿಯಲ್ಲೇ ಅವರ ವಿವೇಕವಿದೆ: ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಸಮಿತಿ ಕೂರಲಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಎಂದು 51ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1976ರಲ್ಲಿ, 42ನೇ ತಿದ್ದುಪಡಿಯಿಂದ. ಬಾಗೇಪಲ್ಲಿ, ಗೌರಿಬಿದನೂರಿನಲ್ಲಿ ಅವರು ಕಟ್ಟಿದ ಕಾಲೇಜುಗಳಿವೆ. ಅಲ್ಲಿಯ ಮಕ್ಕಳಿಗೆ ಈ ಹೆಸರು ಬರೀ ಫೋಟೋ ಆಗಿ ಉಳಿಯಬಾರದು.

ನೀರಿನ ವಿಷಯದಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಇದು ತೆಂಗಿನಕಾಯಿಗಿಂತ ಅಪಾಯಕರ: ನೀರು ಕುದಿಸಿ ಕುಡಿದರೆ ಫ್ಲೋರೈಡ್ ಹೋಗುತ್ತದೆ. ಪಾವಗಡ, ಮಧುಗಿರಿ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ವಿದ್ಯಾರ್ಥಿಗಳಿಗೆ ಫ್ಲೋರೈಡ್ ಎಂಬ ಪದ ಬಾಲ್ಯದಿಂದ ಗೊತ್ತು. ಕುದಿಸಿದರೆ ರೋಗಾಣು ಸಾಯುತ್ತವೆ ಎಂದು ಪ್ರೈಮರಿ ಶಾಲೆಯಲ್ಲಿ ಕಲಿತ ಸರಿಯಾದ ಪಾಠವೇ ಇಲ್ಲಿ ದಾರಿ ತಪ್ಪಿಸುತ್ತದೆ. ಕುದಿಸಿದಾಗ ಹೋಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಅದರ ಪ್ರಮಾಣ ಏರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರಿಲ್ಲದ ಕಡೆ 1.5ರವರೆಗೆ ಒಪ್ಪಬಹುದು.

ಪ್ರಯೋಗ ಸರಳ. ಎರಡು ಲೀಟರ್ ಬೋರ್ ನೀರು ಅಳೆದು, ಒಂದು ಲೀಟರಿಗೆ ಇಳಿಯುವ ತನಕ ಕುದಿಸಿ, ಆರಿಸಿ, ಮೊದಲಿನದನ್ನೂ ಕುದಿಸಿದ್ದನ್ನೂ ಫ್ಲೋರೈಡ್ ಪರೀಕ್ಷಾ ಕಿಟ್‌ನಲ್ಲಿ ನೋಡುವುದು. ಕುದಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆಯಬೇಕು: ಏರುತ್ತದೆ, ಇಳಿಯುತ್ತದೆ, ಹಾಗೇ ಇರುತ್ತದೆ. ಬರೆದ ಊಹೆ ಮಾತ್ರ ಊಹೆ. ಬರೆಯದಿದ್ದರೆ ಫಲಿತಾಂಶ ನೋಡಿದ ಮೇಲೆ ಎಲ್ಲರೂ "ನಾನೂ ಹಾಗೇ ಅಂದುಕೊಂಡಿದ್ದೆ" ಎನ್ನುತ್ತಾರೆ, ಅದನ್ನು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಇಲ್ಲಿ ಎರಡು ಎಚ್ಚರ. ಕಿಟ್ ಇಲ್ಲವೆಂದು ಟಿಡಿಎಸ್ ಮೀಟರ್ ಇಟ್ಟು ತೋರಿಸಲು ಹೋಗಬೇಡಿ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆ, ಫ್ಲೋರೈಡನ್ನು ಬೇರೆ ಮಾಡಿ ತೋರಿಸುವುದಿಲ್ಲ. ಅದೂ ಅಲ್ಲದೆ ನಮ್ಮ ಗಡಸು ನೀರನ್ನು ಅರ್ಧಕ್ಕೆ ಇಳಿಸಿದಾಗ ಟಿಡಿಎಸ್ ದುಪ್ಪಟ್ಟಾಗುವುದಿಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪದರವಾಗಿ ಪಾತ್ರೆಗೆ ಅಂಟಿ ನೀರಿನಿಂದ ಹೊರಗೆ ಹೋಗಿರುತ್ತದೆ. "ನೋಡಿ ಸರ್, ಕುದಿಸಿದರೆ ಕೆಟ್ಟದ್ದೆಲ್ಲ ತಳದಲ್ಲಿ ಕೂರುತ್ತೆ" ಎಂದು ತಪ್ಪು ತಿಳಿವಳಿಕೆಗೇ ಸಾಕ್ಷಿ ಸಿಕ್ಕಿದಂತಾಗುತ್ತದೆ. ಇನ್ನೊಂದು, ಮೊದಲೇ ಫ್ಲೋರೈಡ್ ಹೆಚ್ಚಿರುವ ನೀರು ತೆಗೆದುಕೊಂಡರೆ ಕುದಿಸಿದ್ದು ಕಿಟ್‌ನ ಬಣ್ಣದ ಪಟ್ಟಿಯನ್ನೇ ಮೀರುತ್ತದೆ, ವ್ಯತ್ಯಾಸ ಕಾಣುವುದಿಲ್ಲ. ಒಂದು ಮಿಲಿಗ್ರಾಂ ಆಸುಪಾಸಿನ ನೀರು ಆರಿಸಿಕೊಳ್ಳಿ, ಇಲ್ಲವೇ ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ, ಓದಿದ ಅಂಕಿಯನ್ನು ಎರಡರಿಂದ ಗುಣಿಸಿ.

ಮೂರನೆಯ ಎಚ್ಚರ ಪ್ರಯೋಗದ್ದಲ್ಲ, ಮನುಷ್ಯರದ್ದು. ಆ ತರಗತಿಯಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಇರುವ ಹುಡುಗ ಹುಡುಗಿಯರು ಕೂತಿರುತ್ತಾರೆ. ನಗುವಾಗ ಕೈ ಅಡ್ಡ ಹಿಡಿಯುವುದು ಅವರಿಗೆ ಅಭ್ಯಾಸವಾಗಿರುತ್ತದೆ. ಪ್ರೊಜೆಕ್ಟರಿನಲ್ಲಿ ಕಂದು ಹಲ್ಲಿನ ಫೋಟೋ ದೊಡ್ಡದಾಗಿ ಹಾಕುವುದು ಕ್ರೂರ. ಹೇಳಲೇಬೇಕಾದ ಸಂಗತಿ ಬೇರೆ ಇದೆ: ಆ ಕಲೆ ಬಿದ್ದದ್ದು ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗ, ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನಲ್ಲಿದ್ದ ಫ್ಲೋರೈಡಿನಿಂದ. ಸರಿಯಾಗಿ ಹಲ್ಲುಜ್ಜಲಿಲ್ಲ ಎಂಬುದು ಸುಳ್ಳು, ಎಷ್ಟು ಉಜ್ಜಿದರೂ ಅದು ಹೋಗದು. ಇಷ್ಟು ವರ್ಷ ಬೈಸಿಕೊಂಡ ತಪ್ಪು ತನ್ನದಲ್ಲ ಎಂದು ತಿಳಿದವರು ಆ ದಿನದ ರಸಾಯನ ವಿಜ್ಞಾನವನ್ನು ಮರೆಯುವುದಿಲ್ಲ.

ವಿದ್ಯಾರ್ಥಿಯ ಅಭಿಪ್ರಾಯ ಪೂರ್ತಿ ತಪ್ಪಿರದ ಸಂದರ್ಭವೇ ಎಲ್ಲಕ್ಕಿಂತ ಕಷ್ಟ. ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವಾಟ್. ಪ್ಯಾನೆಲ್ ಬಂದ ಮೇಲೆ ಸೆಕೆ ಹೆಚ್ಚಿತು, ಮೋಡ ಓಡಿಹೋಗಿ ಮಳೆ ನಿಂತಿತು ಎನ್ನುವವರಿದ್ದಾರೆ. ಇಲ್ಲಿ ಎರಡು ಮಾತುಗಳು ಅಂಟಿಕೊಂಡಿವೆ, ಮೊದಲು ಬಿಡಿಸಬೇಕು. ಪ್ಯಾನೆಲ್‌ಗಳ ನಡುವೆ, ಅದರಲ್ಲೂ ರಾತ್ರಿ, ಬಯಲಿಗಿಂತ ಬಿಸಿ ಹೆಚ್ಚಿರುತ್ತದೆ ಎಂಬುದಕ್ಕೆ ಅಳತೆಯ ಆಧಾರವಿದೆ: ಅಮೆರಿಕದ ಅರಿಜೋನಾದಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಾತ್ರಿ 3ರಿಂದ 4 ಡಿಗ್ರಿ ವ್ಯತ್ಯಾಸ ಕಂಡಿತ್ತು. ಮಳೆ ಓಡಿಹೋಯಿತು ಎಂಬ ಎರಡನೆಯ ಮಾತಿಗೆ ಪಾರ್ಕಿಗೆ ಮುಂಚಿನ ಮೂವತ್ತು, ನಂತರದ ಅಷ್ಟೂ ವರ್ಷದ ತಾಲ್ಲೂಕಿನ ಮಳೆ ಲೆಕ್ಕವನ್ನು ಎದುರಿಟ್ಟುಕೊಂಡು ಕೂರಬೇಕು. ಪಾವಗಡ ಪಾರ್ಕಿಗೆ ಬಹಳ ಹಿಂದಿನಿಂದಲೂ ಬರದ ಸೀಮೆ. ಒಂದು ತಾಲ್ಲೂಕಿನ ಮಳೆ ವರ್ಷದಿಂದ ವರ್ಷಕ್ಕೆ ಎಷ್ಟು ಹೊಯ್ದಾಡುತ್ತದೆ ಎಂದು ನೋಡಿದವರಿಗೆ ನಾಲ್ಕೈದು ವರ್ಷದ ಲೆಕ್ಕದಿಂದ ಯಾವ ಕಡೆಗೂ ತೀರ್ಪು ಕೊಡಲಾಗದು ಎಂಬುದು ತಾನಾಗಿಯೇ ತಿಳಿಯುತ್ತದೆ. ಸೆಕೆಯ ಮಾತು ಸರಿ ಎಂದು ಮೇಷ್ಟ್ರು ಮೊದಲು ಒಪ್ಪಿದರೆ ಮಳೆಯ ಮಾತಿಗೆ ಕಿವಿ ಸಿಗುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕಿದರೆ, ದಿನವೂ ಆ ಸೆಕೆಯಲ್ಲಿ ನಡೆದು ಬರುವ ಹುಡುಗ ಮೇಷ್ಟ್ರನ್ನೇ ತಳ್ಳಿಹಾಕುತ್ತಾನೆ.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯೂ ಹೀಗೆಯೇ. "ವಿಷ" ಎನ್ನುವವರೂ "ಸರ್ಕಾರ ಬಿಟ್ಟ ಮೇಲೆ ಸುರಕ್ಷಿತವೇ" ಎನ್ನುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ, ಯಾವ ಬಳಕೆಗೆ ಎಂಬ ಪ್ರಶ್ನೆ ಬಿಟ್ಟು ಮಾತಾಡುತ್ತಿದ್ದಾರೆ. ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು ಅದು, ಉದ್ದೇಶ ಅಂತರ್ಜಲ ಮರುಪೂರಣ. ನೇರ ಕುಡಿಯಲು ಅಲ್ಲ.

ಸಮಾಜಕ್ಕೆ ಸಂಬಂಧಿಸಿದ ತಪ್ಪು ತಿಳಿವಳಿಕೆ ಬಂದಾಗ ಬಕೆಟ್ಟೂ ಕಿಟ್ಟೂ ಸಹಾಯಕ್ಕೆ ಬರುವುದಿಲ್ಲ. ಅತಿ ಹೆಚ್ಚು ಕೇಳಿಬರುವ ಒಂದನ್ನು ತೆಗೆದುಕೊಳ್ಳಿ: "ಮೀಸಲಾತಿ ಹತ್ತು ವರ್ಷಕ್ಕೆ ಅಂತ ಮಾಡಿದ್ದು, ಓಟಿಗಾಗಿ ಮುಂದುವರಿಸ್ತಿದ್ದಾರೆ." ತರಗತಿಯಲ್ಲಿ ಈ ಮಾತು ಕೇಳುವಾಗ ತಲೆ ತಗ್ಗಿಸಿ ಕೂತವರೂ ಇರುತ್ತಾರೆ. ಮೇಷ್ಟ್ರ ಮೊದಲ ಹೊಣೆ ಅವರ ಕಡೆಗೆ. "ನಿಮ್ಮ ಅನುಭವ ಹೇಳಿ" ಎಂದು ಅವರನ್ನು ಸಾಕ್ಷಿಕಟ್ಟೆಗೆ ಎಳೆಯಕೂಡದು. ಸಂವಿಧಾನದ ಕನ್ನಡ ಪಠ್ಯದಿಂದ 15(4), 16(4), 334ನೇ ವಿಧಿಗಳನ್ನು ಜೆರಾಕ್ಸ್ ಮಾಡಿಸಿ ನಾಲ್ವರಿಗೊಂದರಂತೆ ಹಂಚಿ, ಕಾಲಮಿತಿ ಎಲ್ಲಿದೆ ಹುಡುಕಿ ಎನ್ನಿ. ಮೊದಲ ಎರಡರಲ್ಲಿ, ಅಂದರೆ ಶಿಕ್ಷಣ ಮತ್ತು ನೌಕರಿಯ ವಿಧಿಗಳಲ್ಲಿ, ಅದು ಸಿಗುವುದಿಲ್ಲ. ಹತ್ತು ವರ್ಷದ ಮಿತಿ ಇದ್ದದ್ದು ಲೋಕಸಭೆ, ವಿಧಾನಸಭೆಯ ಮೀಸಲು ಸ್ಥಾನಗಳ ಕುರಿತ 334ರಲ್ಲಿ. ಇಲ್ಲೊಂದು ತೊಡಕು: ಈಗಿನ ಪ್ರತಿಯಲ್ಲಿ ಹತ್ತು ಎಂಬ ಪದವೇ ಇರುವುದಿಲ್ಲ. ತಿದ್ದುಪಡಿಗಳಿಂದ ಏರುತ್ತಾ ಬಂದು 104ನೇ ತಿದ್ದುಪಡಿಯ ನಂತರ ಪರಿಶಿಷ್ಟ ಜಾತಿ, ಪಂಗಡಗಳ ಸ್ಥಾನಗಳಿಗೆ ಎಂಬತ್ತು ವರ್ಷ, ಅಂದರೆ 2030ರವರೆಗೆ ಎಂದಾಗಿದೆ. ಇದನ್ನು ಮೊದಲೇ ಹೇಳದಿದ್ದರೆ "ಹತ್ತು ವರ್ಷ ಎಲ್ಲೂ ಇಲ್ಲ" ಎಂಬ ಹೊಸ ತಪ್ಪು ಹುಟ್ಟುತ್ತದೆ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ, ಸಂವಿಧಾನಕ್ಕೂ ಮೂರು ದಶಕ ಮೊದಲು. ಅದಕ್ಕೆ ಸಮ್ಮತಿಸದ ದಿವಾನರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಇಷ್ಟು ಸಂಗತಿ. ಮೀಸಲಾತಿ ಹೇಗಿರಬೇಕು, ಎಷ್ಟು ಕಾಲ ಎಂಬುದು ಇನ್ನೂ ವಾದದ ವಿಷಯವೇ, ಅದಕ್ಕೆ ಮಾರ್ಕ್ಸ್ ಹಾಕಬಾರದು. ಸಂಗತಿಯನ್ನು ತಪ್ಪು ಬರೆದರೆ ಮಾರ್ಕ್ಸ್ ಕಳೆಯಬೇಕು.

ತಿದ್ದಿದರೆ ಹಟ ಹೆಚ್ಚುತ್ತದೆ ಎಂದು ಹೆದರಿ ಸುಮ್ಮನಿರುವ ಸಹೋದ್ಯೋಗಿಗಳು ಬಹಳ. ಆ ಭಯಕ್ಕೆ ಮೂಲ 2010ರಲ್ಲಿ ಅಮೆರಿಕದಲ್ಲಿ ಬಂದ ಒಂದು ಸಂಶೋಧನೆ. ಆಮೇಲೆ ವುಡ್ ಮತ್ತು ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳನ್ನಿಟ್ಟು ನೋಡಿದಾಗ ಅಂಥ ತಿರುಗೇಟು ಹೆಚ್ಚುಕಡಿಮೆ ಕಾಣಲೇ ಇಲ್ಲ. ಸರಿಯಾದ ಸಂಗತಿಯನ್ನು ನೇರವಾಗಿ ಹೇಳಬಹುದು, ಹೇಳಬೇಕು. ಒಂದು ಸಣ್ಣ ಕ್ರಮ ಮಾತ್ರ ಪಾಲಿಸಿ. ಪದೇ ಪದೇ ಕಿವಿಗೆ ಬಿದ್ದದ್ದು ನಿಜವೆನ್ನಿಸತೊಡಗುತ್ತದೆ ಎಂದು 1977ರಿಂದಲೂ ಗೊತ್ತಿರುವುದರಿಂದ, ಬೋರ್ಡಿನ ತಲೆಯ ಮೇಲೆ "ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?" ಎಂದು ಬರೆದಿಟ್ಟು ಗಂಟೆಗಟ್ಟಲೆ ಬಿಡಬೇಡಿ. ಊಹೆಗಳನ್ನು ಬರೆಸಿಕೊಂಡಾದ ಮೇಲೆ ಅಲ್ಲಿ ಇರಬೇಕಾದ್ದು "ಕುದಿಸಿದರೆ ಫ್ಲೋರೈಡ್ ಪ್ರಮಾಣ ಏರುತ್ತದೆ."

ಭಾಷೆಯ ಮಾತೊಂದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಪಠ್ಯ ಇಂಗ್ಲಿಷಿನಲ್ಲಿ, ಪಾಠ ಕನ್ನಡದಲ್ಲಿ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಉರು ಹೊಡೆದದ್ದು ಒಂದು ಕಡೆ, ಮನೆಯಲ್ಲಿ ತೆಲುಗಿನಲ್ಲಿ ನಂಬಿದ್ದು ಇನ್ನೊಂದು ಕಡೆ, ಎರಡೂ ಒಂದನ್ನೊಂದು ಮುಟ್ಟದೆ ವರ್ಷಗಟ್ಟಲೆ ಇರಬಲ್ಲವು. ಮೊದಲ ಚೀಟಿಯನ್ನು ಯಾವ ಭಾಷೆಯಲ್ಲಾದರೂ ಬರೆಯಲು ಬಿಡಿ, ಕನ್ನಡ ಲಿಪಿಯಲ್ಲಿ ತೆಲುಗು ಬರೆದರೂ ಸರಿ. ಕೊನೆಗೆ, "ಇದನ್ನು ನಿಮ್ಮ ಅಜ್ಜಿಗೆ ಹೇಗೆ ಹೇಳುತ್ತೀರಿ" ಎಂದು ಮನೆಮಾತಿನಲ್ಲೇ ಎರಡು ನಿಮಿಷ ಹೇಳಿಸಿ. ಹೇಳಲಾಗದೆ ತಡವರಿಸಿದ ಕಡೆಯೇ ಅರ್ಥವಾಗದೆ ಉಳಿದ ಭಾಗ, ಅಲ್ಲಿಂದ ಮತ್ತೆ ಪಾಠ.

ಊರಿನ ನೀರು ನೋಡುವವರನ್ನು ಕಾಲೇಜಿಗೆ ಕರೆಸಿ ಎಲ್ಲರ ಮುಂದೆ ಪರೀಕ್ಷೆ ಮಾಡೋಣ ಎಂದು ಉತ್ಸಾಹದ ಹುಡುಗರು ಕೇಳುತ್ತಾರೆ. ಬೇಡ. ಅವರು ಯಾರದೋ ಮಾವ, ಯಾರದೋ ದೊಡ್ಡಪ್ಪ. 200 ಜನರ ಮುಂದೆ ಸೋತವರ ಕಡೆಗೇ ಊರು ನಿಲ್ಲುತ್ತದೆ. ತರಗತಿಯಲ್ಲೇ ಕಾಯಿ ಏಳುವ ಕೈಗಳು ಇರುತ್ತವೆ, ಅವರು ಸಾಕು. ನೀರು ನೋಡುವವರೇ ಬಯಸಿ ಬಂದರೆ ಷರತ್ತುಗಳನ್ನು ಓದಿ ಹೇಳಿ, ಒಪ್ಪಿಗೆ ಪಡೆದು, ಲ್ಯಾಬ್‌ನಲ್ಲಿ ಮೂರು ನಾಲ್ಕು ಜನರಿದ್ದಾಗ ಮಾಡಬಹುದು.

ಫಲಿತಾಂಶ ನೋಡುವುದಕ್ಕೆ ಆತುರ ಬೇಡ. ಪ್ರಯೋಗದ ಮರುದಿನ ಕೇಳಿದರೆ ಎಲ್ಲರೂ ಬದಲಾಗಿರುತ್ತಾರೆ, ಅದು ಮರ್ಯಾದೆಯ ಉತ್ತರ. ಮುಂದಿನ ಸೆಮಿಸ್ಟರ್‌ನಲ್ಲಿ, ಬೇರೆ ಪಾಠದ ನಡುವೆ, ಹೆಸರಿಲ್ಲದ ಚೀಟಿಯನ್ನು ಮತ್ತೆ ಕೊಡಿ, ಪ್ರಶ್ನೆ ಮಾತ್ರ ಬೇರೆಯಿರಲಿ: "ಹುಳುಕಡ್ಡಿ ಔಷಧಿಯೊಂದು ಅಂಗಡಿಗೆ ಬಂದಿದೆ, ಹಚ್ಚಿದ ಹತ್ತು ಜನರಲ್ಲಿ ಏಳು ಜನಕ್ಕೆ ವಾಸಿಯಾಯಿತು ಎನ್ನುತ್ತಾರೆ. ಕೊಳ್ಳುವ ಮೊದಲು ಇನ್ನೇನು ಕೇಳುತ್ತೀರಿ?" ಹಚ್ಚದವರಲ್ಲಿ ಎಷ್ಟು ಜನಕ್ಕೆ ತಾನಾಗಿಯೇ ವಾಸಿಯಾಯಿತು ಎಂದು ಬರೆದ ಚೀಟಿಗಳನ್ನು ಎಣಿಸಿ. ಬೋರ್‌ವೆಲ್ ಲೆಕ್ಕ ಅವರ ಜೊತೆ ಹೋಗಿದೆಯೋ ಇಲ್ಲವೋ ಎಂಬುದು ಆ ಎಣಿಕೆಯಲ್ಲಿ ಸಿಗುತ್ತದೆ. ಸಂಖ್ಯೆ ಕಡಿಮೆ ಬಂದರೆ ಪಾಯಿಂಟ್ ಯಾರದೆಂಬ ಚರ್ಚೆಗೆ ಕೊಟ್ಟ ಸಮಯವನ್ನು ತಗ್ಗಿಸಿ, ಎಲ್ಲಿ ಕೊರೆದರೂ ಹತ್ತರಲ್ಲಿ ಆರು ಎಂಬ ಭಾಗಕ್ಕೆ ಇನ್ನೊಂದು ಪೀರಿಯಡ್ ಸೇರಿಸಿ, ಮುಂದಿನ ಬ್ಯಾಚಿಗೆ ಹಾಗೆ ಮಾಡಿ ನೋಡಿ.